ಮುಖ ಬದಲಾಗದ ವರಹ



ದೀಪ ಹಚ್ಚಿ ಆಯ್ತು. ನಿಮ್ಮ ಕಣ್ಣೆಲ್ಲ ಗಾಜಿನ ಪೆಟ್ಟಿಗೆಗಳ ಮೇಲಿದೆ, ಗೊತ್ತು. ಒಂದೇ ಒಂದು ನಾಣ್ಯದ ಮಾತು ಹೇಳಿ ಬಿಡುತ್ತೇನೆ.

ಎಡಗಡೆಯ ಮೇಜಿನ ಮೇಲೆ ಕೆಳದಿ ಅರಸರ ವರಹವಿದೆ. ಚಿನ್ನದ್ದು, ತೂಕ ಸುಮಾರು 3.4 ಗ್ರಾಂ, ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಅದರ ಮೇಲೆ ಶಿವ, ಪಕ್ಕದಲ್ಲಿ ಪಾರ್ವತಿ. ಈ ಜೋಡಿ ವಿಜಯನಗರದ ನಾಣ್ಯದಿಂದ ಕೆಳದಿಗೆ ಬಂದದ್ದು. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ವಶವಾಯಿತು. ಅರಸೊತ್ತಿಗೆ ಹೋಯಿತು, ಊರಿನ ಹೆಸರೇ ಹೈದರನಗರವಾಯಿತು. ಶಿವಪಾರ್ವತಿಯರು ಮಾತ್ರ ಕೂತಲ್ಲೇ ಕೂತರು! ಹೈದರ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದ, ಅಷ್ಟೇ. 1799ರಲ್ಲಿ ಹೈದರನ ಮಗ ಟಿಪ್ಪು ಮಡಿದ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರೂ ಅದೇ ಜೋಡಿಯ ವರಹ ಹೊರಡಿಸಿದರು.

ಭಕ್ತಿಯೋ? ಇರಬಹುದು. ನನಗೆ ಮಾತ್ರ ಅಲ್ಲಿ ಚಿನಿವಾರ ಕಾಣುತ್ತಾನೆ. ಒಂದು ಹಿಡಿ ಅಡಿಕೆ ನೋಡಿ ಹಸವೋ ಬೆಟ್ಟೆಯೋ ಎಂದು ನೀವು ಹೇಳುವುದಿಲ್ಲವೇ, ಹಾಗೆ ಅವನು ನಾಣ್ಯದ ಮುಖ ನೋಡಿಯೇ ಬೆಲೆ ಕಟ್ಟುವವನು. ಗುರುತಿಲ್ಲದ ಮುಖ ಬಂದರೆ ಒರೆಗಲ್ಲು ಹೊರಗೆ ತೆಗೆಯುತ್ತಾನೆ, ವಟ್ಟ ಮುರಿದುಕೊಳ್ಳುತ್ತಾನೆ. ಆ ರಗಳೆ ಯಾವ ದೊರೆಗೆ ಬೇಕು?

ದೂರದ ಸರ್ಬಿಯಾದ ರಾಜರಿಗೂ ಈ ಗುಟ್ಟು ಗೊತ್ತಿತ್ತು. 13ನೇ ಶತಮಾನದಲ್ಲಿ ಸ್ಯಾಕ್ಸನ್ ಗಣಿಗಾರರು ಅಲ್ಲಿ ಬೆಳ್ಳಿ ತೆಗೆದರು. ರಾಜರು ವೆನಿಸ್‌ನ ನಾಣ್ಯದ ಅಚ್ಚನ್ನೇ ನೋಡಿಕೊಂಡು ದಿನಾರ ಹೊಡೆಸಿದರು: ಸಂತ ಮಾರ್ಕನ ಜಾಗದಲ್ಲಿ ಸಂತ ಸ್ಟೀಫನ್, ವೆನಿಸ್ ದೊರೆಯ ಜಾಗದಲ್ಲಿ ತಾವು. 1282ರಲ್ಲಿ ವೆನಿಸ್ ಅವುಗಳ ವಿರುದ್ಧ ಆಜ್ಞೆ ಹೊರಡಿಸಿತು; ಕವಿ ದಾಂತೆ ತನ್ನ ಕಾವ್ಯದಲ್ಲೇ ಅಂಥ ಒಬ್ಬ ರಾಜನನ್ನು ಬೈದ. ಹೈದರನದು ಬೇರೆ ಲೆಕ್ಕ. ಅವನು ಪಕ್ಕದವರ ಅಚ್ಚು ಕದಿಯಲಿಲ್ಲ, ಟಂಕಸಾಲೆಯನ್ನೇ ಗೆದ್ದುಕೊಂಡಿದ್ದ.

ಅಂದಹಾಗೆ, ನಮ್ಮಲ್ಲಿ ಬೆಳ್ಳಿಗೆ ಸರ್ಬಿಯಾದಲ್ಲಿದ್ದ ಗತ್ತು ಇರಲಿಲ್ಲ. 1443ರಲ್ಲಿ ವಿಜಯನಗರ ಕಂಡ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಬರೆದಂತೆ, ಆರು ಬೆಳ್ಳಿ ತಾರ ಕೊಟ್ಟರೆ ಒಂದು ಪುಟ್ಟ ಚಿನ್ನದ ಹಣ. ಬೆಳ್ಳಿ ಚಿಲ್ಲರೆಯಾಗಿತ್ತು! ದಾನಕ್ಕೂ ಚಿನ್ನದ ಹಣವೇ: ಶೃಂಗೇರಿಯವರಿಗೆ ಟಿಪ್ಪುವಿನ ಚಿನ್ನದ ಹಣವಾದ ರಹತಿಯ ಹೆಸರು ಗೊತ್ತಿರಬೇಕು. 1791ರಲ್ಲಿ ಮರಾಠಾ ದಂಡು ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಕೊಡಿಸಿದ್ದು 200 ರಹತಿ.

ಸರಿ, ಟೇಪು ಕತ್ತರಿಸೋಣ. ಭೂತಗನ್ನಡಿ ಒಂದೇ ಇದೆಯಂತೆ, ಮಕ್ಕಳು ಮೊದಲು ಬರಲಿ. ಹೈದರನ ವರಹವನ್ನು ಅಕ್ಷರ ಮೇಲಾಗಿ ಇಟ್ಟಿದ್ದಾರೆ. ಯಾರಾದರೂ ಅದನ್ನೊಮ್ಮೆ ಮಗುಚಿ ಶಿವಪಾರ್ವತಿಯರನ್ನೂ ತೋರಿಸಿ.