ಕೊಟ್ಟಿಗೆಗೆ ಇಳಿಯುವವರು ಯಾರು?

ಲ್ಯಾಪ್‌ಲೆಂಡಿನ ಹಸುವನ್ನು ಉಳಿಸಿದವರಲ್ಲಿ ಕೈದಿಗಳೂ ಇದ್ದಾರೆ. ಗೆಳೆಯರೇ, ನೀವು ಇದನ್ನು ತಿಳಿಯಲೇಬೇಕು.

ಉತ್ತರ ಫಿನ್ಲೆಂಡಿನ ಈ ತಳಿ ಬಿಳಿ ಬಣ್ಣದ್ದು, ಕೊಂಬಿಲ್ಲದ್ದು, ಮೈಕಟ್ಟಿನಲ್ಲಿ ಪುಟ್ಟದು. ವರ್ಷದ ಅರ್ಧ ಭಾಗ ಹಿಮ ಬೀಳುವ ನೆಲದಲ್ಲಿ ಒರಟು ಹುಲ್ಲು ತಿಂದು ಮನೆಮಂದಿಗೆಲ್ಲ ಹಾಲು ಕೊಟ್ಟಿತು. ನಮ್ಮಲ್ಲಿ ಕರು ಹಾಕಿದ ಹಸುವಿನ ಹಾಲಿನಿಂದ ಗಿಣ್ಣು ಮಾಡುತ್ತೇವಲ್ಲ, ಅಲ್ಲಿನ ಹೆಂಗಸರೂ ಅದೇ ಗಿಣ್ಣದ ಹಾಲನ್ನು ಹೆಪ್ಪುಗಟ್ಟಿಸಿ, ಬೆಂಕಿಯೆದುರು ಕೆಂಪಗೆ ಸುಟ್ಟು 'ಲೇಪಾಯೂಸ್ತೊ' ಎಂಬ ಚೀಸ್ ಮಾಡುತ್ತಿದ್ದರು.

ಎರಡನೇ ಮಹಾಯುದ್ಧದ ನಂತರ ಹೆಚ್ಚು ಹಾಲಿನ ಆಸೆಗೆ ಐರ್‌ಶೈರ್, ಫ್ರೀಸಿಯನ್ ತಳಿಗಳು ಹರಡಿದವು. ಕೃತಕ ಗರ್ಭಧಾರಣೆ ಮನೆಬಾಗಿಲಿಗೇ ಬಂದ ಮೇಲೆ ನಾಡತಳಿಯ ಬೀಜದ ಹೋರಿಯನ್ನು ಸಾಕುವವರೇ ಇಲ್ಲವಾದರು. ಹೋರಿ ಹೋದರೆ ತಳಿ ಹೋದಂತೆಯೇ. 1980ರ ದಶಕದ ಹೊತ್ತಿಗೆ ಶುದ್ಧ ಹಸುಗಳನ್ನು ಊರೂರು ಹುಡುಕಬೇಕಾಯಿತು.

ಹಾಗೆ ಉಳಿದ ಹಸುಗಳಿಗೆ ವಾಲಾ ಎಂಬ ಊರಿನ ಬಳಿಯ ಪೆಲ್ಸೊ ಜೈಲಿನ ಕೊಟ್ಟಿಗೆ ಆಸರೆಯಾಯಿತು. ಸರ್ಕಾರಿ ಜಮೀನಾದ್ದರಿಂದ ಹಾಲು ಕಡಿಮೆಯೆಂದು ಹಿಂಡನ್ನು ಮಾರುವ ಒತ್ತಡ ಅಲ್ಲಿ ಅಷ್ಟಾಗಿ ಇರಲಿಲ್ಲ. ಕೈದಿಗಳು ಮೇವು ಹಾಕಿದರು, ಸಗಣಿ ಬಾಚಿದರು, ಹಾಲು ಕರೆದರು. ಪೂರ್ವ ಫಿನ್ಲೆಂಡಿನ ಕೆಂಪು-ಬಿಳಿ 'ಕ್ಯೂತ್ತೊ' ಹಸುವಿಗೆ ಸುಕೇವಾ ಜೈಲು ಹೀಗೆಯೇ ನೆರವಾಯಿತು. ವೀರ್ಯ, ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುವ ಕೆಲಸವೂ ನಡೆಯಿತು. ಅದು ಬೇಕೇಬೇಕು. ಆದರೆ ಹೆಪ್ಪುಗಟ್ಟಿಸಿಟ್ಟ ವೀರ್ಯ ಬದಲಾಗುವ ಪರಿಸರಕ್ಕೆ ಒಗ್ಗಿಕೊಳ್ಳಲಾರದು; ಅದಕ್ಕೆ ಜೀವಂತ ಹಿಂಡೇ ಬೇಕು. ಚಿಕ್ಕ ಹಿಂಡಿನಲ್ಲಿ ಇನ್ನೊಂದು ಕಷ್ಟ: ಯಾವ ಕರು ಯಾವ ಹೋರಿಯದು ಎಂಬ ಲೆಕ್ಕ ತಪ್ಪಿದರೆ ರಕ್ತಸಂಬಂಧದಲ್ಲೇ ಕೂಡಿಕೆಯಾಗಿ ತಳಿ ಸೊರಗುತ್ತದೆ. ಆ ವಂಶಾವಳಿ ಬರೆದಿಡುವುದೂ ಸಗಣಿ ಬಾಚಿದಷ್ಟೇ ದೊಡ್ಡ ಸೇವೆ. ಈ ತಳಿಗಳು ಇವತ್ತಿಗೂ ಅಪಾಯ ದಾಟಿಲ್ಲ.

ನಮ್ಮ ಎರೆಭೂಮಿಯನ್ನು ಉತ್ತ ಕೃಷ್ಣಾ ಕಣಿವೆ ತಳಿಯೂ ಟ್ರ್ಯಾಕ್ಟರ್ ಬಂದ ಮೇಲೆ ವಿರಳವಾಗಿದೆ. ಬೀದರ, ಹಾಸನ, ಶಿವಮೊಗ್ಗ, ಗದಗದಲ್ಲಿ ಪಶುವೈದ್ಯಕೀಯ ಓದುತ್ತಿರುವ ಹುಡುಗ ಹುಡುಗಿಯರೇ, ರಜೆಯಲ್ಲಿ ಊರಿಗೆ ಹೋದಾಗ ಶುದ್ಧ ತಳಿ ಕಟ್ಟಿಕೊಂಡಿರುವ ಒಬ್ಬ ರೈತರನ್ನು ಹುಡುಕಿ. ಅವರ ದನಗಳ ವಂಶಾವಳಿ ಬರೆದುಕೊಳ್ಳಿ. ಒಳ್ಳೆಯ ಗಂಡುಕರುವೊಂದನ್ನು ಬೀಜ ಒಡೆಸದೆ ಉಳಿಸಿಕೊಳ್ಳುವಂತೆ ಅವರನ್ನು ಒಪ್ಪಿಸಿ, ಮೇವಿನ ಖರ್ಚಿಗೆ ನೀವೂ ಹೆಗಲು ಕೊಡಿ. ಈ ಬೇಸಿಗೆಯಲ್ಲೇ ಶುರುಮಾಡಿ.