ಬೊಲೊನ್ಯಾ: ತಿನ್ನುತ್ತಾ ನಡೆಯುವ ಊರು



ಇಟಲಿ ಎಂದೊಡನೆ ನಿಮ್ಮ ಕಣ್ಣ ಮುಂದೆ ರೋಮಿನ ಕೊಲೋಸಿಯಂ ಬರುತ್ತದೆ, ಪೀಸಾದ ವಾಲುಗೋಪುರ ಬರುತ್ತದೆ. ಇಂದು ನಾನು ನಿಮ್ಮನ್ನು ಉತ್ತರ ಇಟಲಿಯ ಬೊಲೊನ್ಯಾ ಎಂಬ ಊರಿಗೆ ಕರೆದೊಯ್ಯುತ್ತೇನೆ. ಅಲ್ಲಿ ಊರು ನೋಡುವ ಒಂದು ಸೊಗಸಾದ ಕ್ರಮವಿದೆ. ಮಾರ್ಗದರ್ಶಿಯೊಬ್ಬರು ನಾಲ್ಕಾರು ಮಂದಿಯನ್ನು ಜೊತೆಗೆ ಕರೆದುಕೊಂಡು ಹಳೆಯ ಬೀದಿಗಳಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಸುತ್ತಾರೆ. ಅಲ್ಲಲ್ಲಿ ನಿಲ್ಲಿಸಿ ರುಚಿ ತೋರಿಸುತ್ತಾರೆ, ಕತೆ ಹೇಳುತ್ತಾರೆ.

ಈ ಊರಿಗೆ ಮೂರು ಅಡ್ಡಹೆಸರುಗಳುಂಟು. ವಿದ್ಯಾವಂತೆ, ಕೊಬ್ಬಿದವಳು ಮತ್ತು ಕೆಂಪಿ. ಕೆಂಪಿ ಎಂದದ್ದು ಇಟ್ಟಿಗೆಯ ಗೋಡೆಗಳ, ಹೆಂಚುಗಳ ಬಣ್ಣದಿಂದ. ವಿದ್ಯಾವಂತೆ ಎಂದದ್ದು ವಿಶ್ವವಿದ್ಯಾಲಯದಿಂದ. ಅದು 1088ರಲ್ಲಿ ಹುಟ್ಟಿತೆಂದು ಎಣಿಕೆ. ಯೂರೋಪಿನಲ್ಲಿ ಅದಕ್ಕಿಂತ ಹಳೆಯದಿಲ್ಲವೆಂದು ಹೇಳುತ್ತಾರೆ. ಕೊಬ್ಬಿದವಳು ಎಂಬುದು ಊಟದ ಸಮೃದ್ಧಿಗೆ ಸಂದ ಹೆಸರು. ಮೊದಲ ಹೆಸರಿಗೂ ಈ ಹೆಸರಿಗೂ ನಂಟಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ದೂರದೂರದ ದೇಶಗಳಿಂದ ಓದಲು ಬಂದ ಹುಡುಗರಿಗೆ ಇರಲು ಕೋಣೆ ಬೇಕು, ಉಣ್ಣಲು ಅನ್ನ ಬೇಕು. ಮನೆಯವರು ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿ ಕೋಣೆ ಕಟ್ಟಿದರು, ಕೆಳಗೆ ಕಂಬ ಕೊಟ್ಟರು. ಕಂಬಗಳ ನಡುವೆ ಮೊಗಸಾಲೆಯಂಥ ಹಾದಿಯಾಯಿತು. 1288ರ ನಗರ ಶಾಸನವು ಇಂಥ ಮೊಗಸಾಲೆ ಇರಲೇಬೇಕೆಂದು ವಿಧಿಸಿತು. ಇಂದು ಅವೆಲ್ಲವನ್ನೂ ಒಟ್ಟು ಅಳೆದರೆ ಸುಮಾರು 62 ಕಿಲೋಮೀಟರು! ಮಳೆ ಬಂದರೂ ನಮ್ಮ ನಡಿಗೆಗೆ ಅಡ್ಡಿಯಿಲ್ಲ.

ನಡಿಗೆ ಪಿಯಾತ್ಸಾ ಮಜೋರೆ ಎಂಬ ದೊಡ್ಡ ಚೌಕದಿಂದ ಹೊರಡಲಿ. ಸಂತ ಪೆತ್ರೋನಿಯೋನ ಚರ್ಚು ಅಲ್ಲೇ ಇದೆ. ಅದರ ಮಗ್ಗುಲಲ್ಲಿ ಹಳೆಯ ಪೇಟೆ. ಬೀದಿಗಳ ಹೆಸರನ್ನು ಗಮನಿಸಿ: ಹಳೆ ಮೀನಂಗಡಿ ಬೀದಿ, ಅಕ್ಕಸಾಲಿಗರ ಬೀದಿ, ಬಟ್ಟೆಯವರ ಬೀದಿ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳು ನೆನಪಾಗುವುದಿಲ್ಲವೇ? ಮೀನಂಗಡಿ ಬೀದಿಯಲ್ಲಿ ಮೀನು ಈಗಲೂ ಸಿಗುತ್ತದೆ. ಆದರೆ ಕುರ್ಚಿ ಮೇಜು ಹಾಕಿ ಪ್ರವಾಸಿಗರಿಗೆ ತಟ್ಟೆ ಇಡುವ ಅಂಗಡಿಗಳೇ ವರ್ಷ ವರ್ಷ ಹೆಚ್ಚುತ್ತಿವೆ. ನಮ್ಮಂಥ ನಡಿಗೆಯವರಿಗೂ ಅದರಲ್ಲಿ ಪಾಲುಂಟು ಎನ್ನಿ.

ಅಂಗಡಿಯ ಮುಂದೆ ತೂಗುವ ತೊಲೆಯಂಥ ವಸ್ತುವೇ ಮೊರ್ತದೆಲ್ಲಾ. ನುಣ್ಣಗೆ ಅರೆದ ಹಂದಿಮಾಂಸವನ್ನು ಕೊಬ್ಬಿನ ತುಣುಕುಗಳೊಡನೆ ತುಂಬಿ, ನಿಧಾನವಾಗಿ ಬೇಯಿಸಿದ್ದು. 1661ರಲ್ಲಿ ಅಲ್ಲಿನ ಕಾರ್ಡಿನಲ್ ಫಾರ್ನೀಸ್ ಇದನ್ನು ಹೇಗೆ ಮಾಡಬೇಕೆಂದು ಆಜ್ಞೆಯನ್ನೇ ಹೊರಡಿಸಿದ. ಅದರಲ್ಲಿ ಹಾಕುವ ಕರಿಮೆಣಸು ಹಿಂದೆ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗೇರಿ ಯೂರೋಪಿಗೆ ಹೋಗುತ್ತಿದ್ದ ಸರಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಇನ್ನು ಪಾರ್ಮಿಜಾನೋ ಚೀಸು. ಸುಮಾರು 550 ಲೀಟರು ಹಾಲಿನಿಂದ 40 ಕಿಲೋ ತೂಕದ ಒಂದು ಗಾಲಿ. ಕನಿಷ್ಠ 12 ತಿಂಗಳು ಹಣ್ಣಾಗಬೇಕು. ನಿಮ್ಮಲ್ಲಿ ಸಸ್ಯಾಹಾರಿಗಳಿದ್ದರೆ ಒಂದು ಮಾತು: ಇದರ ಹಾಲನ್ನು ಗಟ್ಟಿಗೊಳಿಸುವುದು ಕರುವಿನ ಜಠರದಿಂದ ತೆಗೆದ ಪದಾರ್ಥದಿಂದ. ತಿಳಿದು ತಿನ್ನಿ.

ಮುಂದಿನ ಅಂಗಡಿಯ ಗಾಜಿನಾಚೆ ಹೆಂಗಸರು ಕಣಕ ಲಟ್ಟಿಸುತ್ತಿದ್ದಾರೆ. ಇವರಿಗೆ ಸ್ಫೋಲ್ಯಿನಾ ಎಂದು ಹೆಸರು. 100 ಗ್ರಾಂ ಮೆದುಗೋಧಿ ಹಿಟ್ಟಿಗೆ ಒಂದು ಮೊಟ್ಟೆ, ಅಷ್ಟೇ, ನೀರಿಲ್ಲ. ಮಾರುದ್ದದ ಲಟ್ಟಣಿಗೆಯಿಂದ ಮರದ ಹಲಗೆಯ ಮೇಲೆ ಲಟ್ಟಿಸುತ್ತಾರೆ. ಹಲಗೆಯ ಒರಟುತನ ಹಾಳೆಗೂ ಬಂದು, ಸಾರು ಚೆನ್ನಾಗಿ ಹಿಡಿಯುತ್ತದಂತೆ. ಹಾಳೆ ಎಷ್ಟು ತೆಳುವಿರಬೇಕು? ಎತ್ತಿ ಹಿಡಿದರೆ ಅದರ ಮೂಲಕ ಗುಡ್ಡದ ಮೇಲಿನ ಸಂತ ಲೂಕನ ಗುಡಿ ಕಾಣಬೇಕು ಎಂಬುದು ಅಲ್ಲಿಯವರ ಮಾತು. ಈ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿದರೆ ತಾಲ್ಯಾತೆಲ್ಲೆ. ಚೌಕ ಮಾಡಿ ಹೂರಣವಿಟ್ಟು ಬೆರಳಿಗೆ ಸುತ್ತಿ ಮಡಚಿದರೆ ತೊರ್ತೆಲ್ಲಿನಿ. ಲೋಕವೆಲ್ಲ ತಿನ್ನುವ ‘ಸ್ಪಾಗೆಟಿ ಬೊಲೊನೀಸ್’ ಮಾತ್ರ ಈ ಊರಿನದಲ್ಲ. ಸ್ಪಾಗೆಟಿ ಗಟ್ಟಿಗೋಧಿಯದು, ದಕ್ಷಿಣ ಇಟಲಿಯ ಕಡೆಯದು.

ಈಗ ವರ್ತಕರ ಮಂಡಳಿಯ ಹಳೆಯ ಕಟ್ಟಡದ ಬಳಿ ಬಂದೆವು. ಇಲ್ಲಿ ತಾಲ್ಯಾತೆಲ್ಲೆಯ ಬಂಗಾರದ ಮಾದರಿಯೊಂದನ್ನು ಇಟ್ಟಿದ್ದಾರೆ. 1972ರಲ್ಲಿ ದಾಖಲಾದ ಅಳತೆ: ಬೆಂದ ಪಟ್ಟಿಯ ಅಗಲ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು. ಗೋಪುರ 97.2 ಮೀಟರು. ಭಾಗಿಸಿ ನೋಡಿ, ಹೆಚ್ಚುಕಡಮೆ 8 ಮಿಲಿಮೀಟರು ಬರುತ್ತದೆ. ತೊರ್ತೆಲ್ಲಿನಿಯ ಹೂರಣ 1974ರಲ್ಲಿ ದಾಖಲಾಯಿತು: ಹಂದಿಮಾಂಸ, ಮೊರ್ತದೆಲ್ಲಾ, ಚೀಸು, ಮೊಟ್ಟೆ, ಜಾಯಿಕಾಯಿ. ತಾಲ್ಯಾತೆಲ್ಲೆಗೆ ಬೆರೆಸುವ ಮಾಂಸದ ರಗೂ 1982ರಲ್ಲಿ.

ಬರೆದಿಟ್ಟದ್ದು ಬದಲಾಗಬಾರದೇ? 2019ರಲ್ಲಿ ಸಂತ ಪೆತ್ರೋನಿಯೋನ ಹಬ್ಬಕ್ಕೆ ಮಾಮೂಲಿ ತೊರ್ತೆಲ್ಲಿನಿಯ ಜೊತೆಗೆ, ಹಂದಿ ತಿನ್ನದವರಿಗಾಗಿ ಕೋಳಿಮಾಂಸದ್ದನ್ನೂ ಮಾಡೋಣವೆಂದು ಕೆಲವರು ಹೇಳಿದರು. ಊರಲ್ಲಿ ಮುಸ್ಲಿಮರೂ ಇದ್ದಾರಲ್ಲ! ಅಷ್ಟಕ್ಕೇ ಇಟಲಿಯಾದ್ಯಂತ ಗದ್ದಲವೆದ್ದಿತು. ನಮ್ಮ ಚರಿತ್ರೆಯನ್ನೇ ಅಳಿಸಲು ಹೊರಟಿದ್ದಾರೆ ಎಂದು ಮತ್ತಿಯೋ ಸಾಲ್ವಿನಿಯಂಥ ರಾಜಕಾರಣಿಗಳು ಟೀಕಿಸಿದರು. ಮಾರ್ಗದರ್ಶಿ ಈ ಕತೆಯನ್ನು ಹೇಳದಿದ್ದರೆ ನೀವೇ ಕೇಳಿ. ನನಗಂತೂ ಬಂಗಾರದ ಪಟ್ಟಿಗಿಂತ ಇದೇ ಮುಖ್ಯವೆನಿಸುತ್ತದೆ. ಏಕೆಂದರೆ 1891ರಲ್ಲಿ ಮೊದಲು ಅಚ್ಚಾದ ಪೆಲ್ಲೆಗ್ರೀನೋ ಅರ್ತುಸಿಯ ಪ್ರಸಿದ್ಧ ಅಡುಗೆ ಪುಸ್ತಕವನ್ನು ತೆರೆದರೆ, ಪಾರಿವಾಳದ ಮಾಂಸದ ತೊರ್ತೆಲ್ಲಿನಿಯೂ ಅದರಲ್ಲಿದೆ. ಹೂರಣದ ಜಾಯಿಕಾಯಿ ಪೂರ್ವದ ದ್ವೀಪಗಳಿಂದ ಬಂದದ್ದು. ರಗೂವಿನ ಟೊಮೇಟೊ ಅಮೆರಿಕಾ ಖಂಡದ್ದು. ಆ ರಗೂವಿನ ದಾಖಲೆಯನ್ನು 2023ರಲ್ಲಿ ಅವರೇ ತಿದ್ದಿ ಹೊಸದಾಗಿ ಬರೆಸಿದರು, ಗೋಮಾಂಸದ ಬೇರೆ ಭಾಗಗಳೂ ಆದೀತೆಂದರು. ಆಗ ಯಾರ ಚರಿತ್ರೆಯೂ ಅಳಿಯಲಿಲ್ಲ. ಅದೇ ವರ್ಷ ಅಸಿನೆಲ್ಲಿಯ ಪಕ್ಕದ ವಾಲಿದ ಗಾರಿಸೆಂದಾ ಗೋಪುರ ಅಪಾಯದಲ್ಲಿದೆಯೆಂದು ಸುತ್ತ ಬೇಲಿ ಹಾಕಿದರು. ಹೀಗೆ ಊರಿನವರಿಗೆ ಬೇರೆ ಚಿಂತೆಯೂ ಇತ್ತು.

ಕಾಲು ಸೋತಿದ್ದರೆ ಮತ್ತೆ ಪೇಟೆಯೊಳಕ್ಕೆ ಬನ್ನಿ. ಇಕ್ಕಟ್ಟು ಓಣಿಯೊಂದರಲ್ಲಿ ಒಸ್ತೆರಿಯಾ ದೆಲ್ ಸೋಲೆ ಇದೆ, 1465ರಿಂದ ಇದೆಯೆನ್ನುತ್ತಾರೆ. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ, ಅಡುಗೆ ಮಾಡುವುದಿಲ್ಲ. ವಿದ್ಯಾರ್ಥಿಗಳೂ ಮುದುಕರೂ ಪಕ್ಕದ ಅಂಗಡಿಗಳಿಂದ ತಮತಮಗೆ ಬೇಕಾದದ್ದನ್ನು ಕಾಗದದಲ್ಲಿ ಕಟ್ಟಿಸಿ ತರುತ್ತಾರೆ; ಉದ್ದನೆಯ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಒಟ್ಟಿಗೆ ಕೂತು ತಿನ್ನುತ್ತಾರೆ.