ಬೆರಳ ತುದಿಯ ಆರು ಚುಕ್ಕಿ



ವಿಜ್ಞಾನ ಮೇಳದ ದೀಪ ಹಚ್ಚಿದ್ದಾಯಿತು. ಮಕ್ಕಳೇ, ನಿಮ್ಮ ಮಾದರಿಗಳು ಒಳಗೆ ಕಾಯುತ್ತಿವೆ, ನಿಮ್ಮ ಗಮನವೆಲ್ಲ ಅಲ್ಲೇ ಇದೆ. ಹಾಗಾಗಿ ಒಂದೇ ಒಂದು ಕತೆ ಹೇಳಿ ಮುಗಿಸುತ್ತೇನೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಫ್ರಾನ್ಸಿನ ಕೂವ್ರೇ ಎಂಬ ಊರಿನಲ್ಲಿ. ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದರು. ಮೂರು ವರ್ಷದ ಲೂಯಿ ಅಪ್ಪನ ಚೂಪಾದ ಹತಾರ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ನಂಜೇರಿ ಇನ್ನೊಂದು ಕಣ್ಣೂ ಹೋಯಿತು. ಹತ್ತನೇ ವಯಸ್ಸಿಗೆ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿನ ದಪ್ಪ ಪುಸ್ತಕಗಳಲ್ಲಿ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ತಡವಿ ತಡವಿ ಓದಬೇಕು. ಬರೆಯುವುದಂತೂ ದೂರದ ಮಾತು.

ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೆ ಎಂಬವರು ಉಬ್ಬು ಚುಕ್ಕಿಗಳ ಬರಹವೊಂದನ್ನು ರೂಪಿಸಿದ್ದರು. ಅದು ಲೂಯಿಯ ಶಾಲೆಗೂ ಬಂತು. ಜಾಣ ಉಪಾಯವೇ. ಆದರೆ ಒಂದೊಂದು ಗುಂಪಿನಲ್ಲಿ ಹನ್ನೆರಡು ಚುಕ್ಕಿಗಳವರೆಗೆ ಇರುತ್ತಿದ್ದವು. ಬೆರಳು ಒಂದೇ ಸಲಕ್ಕೆ ಅಷ್ಟನ್ನೂ ಹಿಡಿಯಲಾರದು. ಕಣ್ಣಿಗೆ ಕಾಣದ ಈ ತೊಡಕು ಲೂಯಿಯ ಬೆರಳಿಗೆ ಗೊತ್ತಾಯಿತು. ಅವನು ಹನ್ನೆರಡನ್ನು ಆರಕ್ಕೆ ಇಳಿಸಿದ: ಎರಡು ಸಾಲು, ಸಾಲಿಗೆ ಮೂರು. ಒಂದೇ ಮುಟ್ಟಿಗೆ ಒಂದು ಅಕ್ಷರ! ಆಗ, 1824ರಲ್ಲಿ, ಅವನಿಗೆ ಹದಿನೈದು ವರ್ಷ.

ಆರೇ ಚುಕ್ಕಿ ಸಾಕೇ? ಲೆಕ್ಕ ಹಾಕಿ. ಪ್ರತಿ ಚುಕ್ಕಿಯೂ ಒಂದೋ ಉಬ್ಬಿರಬೇಕು, ಇಲ್ಲವೇ ಇರಬಾರದು. ಆರು ಸಲ ಎರಡನ್ನು ಗುಣಿಸಿದರೆ 64. ಖಾಲಿ ಮನೆಯೊಂದನ್ನು ಬಿಟ್ಟರೆ 63 ಗುರುತು. ಅಕ್ಷರ, ಅಂಕಿ, ಸಂಗೀತದ ಸ್ವರ ಎಲ್ಲಕ್ಕೂ ಅವು ಒದಗುತ್ತವೆ.

ಲೂಯಿ 1852ರಲ್ಲಿ ತೀರಿಕೊಂಡರು. ಅವರ ಲಿಪಿಯನ್ನು ಫ್ರಾನ್ಸ್ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಲೂಯಿ 'ಎ' ಅಕ್ಷರಕ್ಕೆ ಇಟ್ಟ ಒಂಟಿ ಚುಕ್ಕಿಯೇ ಇಂದು ಕನ್ನಡದ 'ಅ'.

ಮಕ್ಕಳೇ, ನಿಮ್ಮ ಮಾದರಿಯನ್ನು ತೀರ್ಪುಗಾರರಿಗೆ ತೋರಿಸಿದರೆ ಸಾಲದು. ಅದು ಯಾರಿಗೆ ಬೇಕೋ ಅವರ ಕೈಗೂ ಕೊಡಿ. ನೀರೆತ್ತುವ ಯಂತ್ರವೇ? ರೈತರು ಒಮ್ಮೆ ತಿರುಗಿಸಲಿ. ಊರುಗೋಲೇ? ಅಜ್ಜಿ ಹಿಡಿದು ನಡೆಯಲಿ. "ಕೈಗೆ ಹೊಂದುತ್ತಿಲ್ಲ ಮಗಾ" ಎಂದರೆ ಬೇಜಾರಾಗಬೇಡಿ. ನಿಮ್ಮ ಮಾದರಿಯಲ್ಲೂ ತೆಗೆದುಹಾಕಬೇಕಾದ ಆರು ಚುಕ್ಕಿ ಎಲ್ಲೋ ಉಳಿದಿವೆ, ಹುಡುಕಿ.

ಮೇಳ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಬನ್ನಿ, ನಿಮ್ಮ ಕೈಕೆಲಸ ತೋರಿಸಿ.